ಸೂಜಿಯ ಮೊನೆಯಲ್ಲಿ ಕಣ್ಣು

ಕನ್ನಡದಲ್ಲಿ ‘ಕೀಲು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಎಲುಬು ಎಲುಬನ್ನು ಕೂಡುವ ಸಂದು ಒಂದು. ಯಾವುದಾದರೊಂದು ವಿಷಯದ ಒಳಗುಟ್ಟು ಇನ್ನೊಂದು. ‘ಅದರ ಕೀಲು ಅವನೊಬ್ಬನಿಗೇ ಗೊತ್ತು’ ಎನ್ನುವಾಗ ನಾವು ಬಳಸುವುದು ಈ ಎರಡನೆಯ ಅರ್ಥವನ್ನು. ಮೂಳೆಯ ವೈದ್ಯನಾಗಿ ನಲವತ್ತು ವರ್ಷಕ್ಕೂ ಮಿಕ್ಕಿ ದುಡಿದ ನನಗೆ ಈ ಎರಡು ಅರ್ಥಗಳೂ ಒಂದೇ ಎಂದು ತೋರಿದ್ದುಂಟು. ಶರೀರದಲ್ಲಿ ಕೀಲಿನಷ್ಟು ಗುಟ್ಟಾದ ಜಾಗ ಕಡಮೆ. ಬಾಯಿಯನ್ನು ತೆರೆದು ನೋಡಬಹುದು, ಕಿವಿಯೊಳಗೆ ದೀಪ ಹಿಡಿದು ನೋಡಬಹುದು. ಕೀಲಾದರೋ ಎಲ್ಲ ಕಡೆಯಿಂದಲೂ ಮುಚ್ಚಿದ ಚೀಲ. ಅದರೊಳಗೆ ಪೆಟ್ಟು ಬಿದ್ದಾಗ ಏನು ಹರಿದಿದೆ, ಏನು ಉಳಿದಿದೆ ಎಂಬುದನ್ನು ಚೀಲವನ್ನು ಬಿಚ್ಚದೆ ತಿಳಿಯುವುದು ಹೇಗೆ? ಶಸ್ತ್ರಕ್ರಿಯೆಯ ಕೋಣೆಗೆ ಹೋಗದೆ, ವೈದ್ಯನ ಸಲಹಾ ಕೊಠಡಿಯಲ್ಲಿಯೇ, ಒಂದು ಸೂಜಿಯ ತೂತಿನಷ್ಟೇ ಹಾದಿಯಿಂದ ಈ ಗುಟ್ಟನ್ನು ಅರಿಯುವ ಉಪಾಯಗಳನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು, ಈ ಪ್ರಶ್ನೆ ನನಗೇಕೆ ಅಷ್ಟು ಮುಖ್ಯವೆಂಬುದನ್ನು ತಿಳಿಸಬೇಕು. 1976ರಲ್ಲಿ ನಾನು ಒಂದು ಆಸ್ಪತ್ರೆಯಲ್ಲಿ ಆಗತಾನೆ ಸೇರಿದ ಕಿರಿಯ ವೈದ್ಯ. 19 ವರ್ಷದ ಕಬಡ್ಡಿ ಆಟಗಾರನೊಬ್ಬ ಬಂದ. ಆಟದಲ್ಲಿ ಕಾಲು ನೆಲಕ್ಕೆ ಊರಿದ್ದಂತೆಯೇ ಮೈ ತಿರುಗಿ, ಮಂಡಿ ‘ಲಟಕ್’ ಎಂದಿತ್ತು. ಊತ ಇಳಿದ ಮೇಲೂ ನಡೆಯುವಾಗ ಆಗಾಗ ಕಾಲು ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಕ್ಷ-ಕಿರಣ ಚಿತ್ರದಲ್ಲಿ ಮೂಳೆಗಳೆಲ್ಲ ನೆಟ್ಟಗಿದ್ದವು. ಹಾಗಾದರೆ ಒಳಗೆ ಏನಾಗಿದೆ? ಅದನ್ನು ತಿಳಿಯಲು ಅಂದು ನಮ್ಮ ಬಳಿ ಇದ್ದದ್ದು ಕೈಯ ಪರೀಕ್ಷೆ. ಅದು ಸಾಲದಾದಾಗ ಕತ್ತಿ. ಹಿರಿಯರು ಮಂಡಿಯನ್ನು ಕೊಯ್ದು ತೆರೆದರು. ಗಾಯದ ಅಂಚುಗಳನ್ನು ಕೊಕ್ಕೆಯಿಂದ ಎಳೆದು ಹಿಡಿದವನು ನಾನು. ಒಳಬದಿಯ ಮೃದ್ವಸ್ಥಿಯ ಬಿಲ್ಲೆಯಲ್ಲಿ ಬೆರಳ ತುದಿಯಷ್ಟು ಸೀಳಿತ್ತು. ಅಂದಿನ ಪದ್ಧತಿಯಂತೆ ಬಿಲ್ಲೆಯನ್ನು ಪೂರ್ತಿಯಾಗಿ ತೆಗೆದುಹಾಕಿದರು. ಹುಡುಗ ತಿಂಗಳೊಪ್ಪತ್ತಿನಲ್ಲಿ ನಡೆದುಕೊಂಡು ಮನೆಗೆ ಹೋದ. ನಾವು ಸಂತೋಷಪಟ್ಟೆವು.

ಆ ಬಿಲ್ಲೆಯ ಬೆಲೆ ಏನೆಂಬುದನ್ನು ತಿಳಿಯಲು ಮಂಡಿಯ ರಚನೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು. ತೊಡೆಯ ಮೂಳೆಯ ಕೆಳತುದಿ ಎರಡು ದುಂಡು ಗುಬ್ಬಿಗಳಂತಿದೆ. ಕಣಕಾಲಿನ ದೊಡ್ಡ ಮೂಳೆಯ ಮೇಲ್ತುದಿ ಹೆಚ್ಚುಕಡಮೆ ಚಪ್ಪಟೆ. ದುಂಡು ತಳದ ಕೊಡವನ್ನು ಬರಿಯ ನೆಲದ ಮೇಲಿಟ್ಟರೆ ಉರುಳುತ್ತದೆ. ಕೆಳಗೆ ಸಿಂಬಿಯನ್ನಿಟ್ಟರೆ ಭದ್ರವಾಗಿ ನಿಲ್ಲುತ್ತದೆ. ಮಂಡಿಯಲ್ಲಿ ಒಳಬದಿಗೊಂದು, ಹೊರಬದಿಗೊಂದು ಹೀಗೆ ಎರಡು ಸಿಂಬಿಗಳಿವೆ, ಅರ್ಧಚಂದ್ರನ ಆಕಾರದವು. ವೈದ್ಯರು ಇವನ್ನು ಮೆನಿಸ್ಕಸ್ ಎನ್ನುತ್ತಾರೆ. ಮೈಯ ಭಾರವನ್ನು ಹರಡಿ ಹಗುರಗೊಳಿಸುವುದು ಇವುಗಳ ಕೆಲಸ. ಕೀಲಿನ ನಡುವೆ ಕತ್ತರಿಯಂತೆ ಒಂದನ್ನೊಂದು ಹಾಯ್ದ ಎರಡು ಅಡ್ಡರಜ್ಜುಗಳುಂಟು. ಮೂಳೆಗಳು ಹಿಂದಕ್ಕೂ ಮುಂದಕ್ಕೂ ಜಾರದಂತೆ ಹಿಡಿದಿರುವ ಹಗ್ಗಗಳಿವು. ಮೂಳೆಯ ತುದಿಗಳಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ. ಇವೆಲ್ಲವನ್ನೂ ಸುತ್ತಿ ಒಂದು ತೆಳುಪೊರೆ. ಆ ಪೊರೆ ಒಸರುವ ದ್ರವ ಮೊಟ್ಟೆಯ ಬಿಳಿಯಂತೆ ನೂಲು ನೂಲಾಗಿ ಎಳೆಯುವಂಥದು. ಅದಕ್ಕೆ ‘ಸೈನೋವಿಯ’ ಎಂಬ ಹೆಸರನ್ನು ಕೊಟ್ಟವನು 16ನೆಯ ಶತಮಾನದ ಪ್ಯಾರಸೆಲ್ಸಸ್. ಆರೋಗ್ಯವಾದ ಮಂಡಿಯಲ್ಲಿ ಅದು ಇರುವುದು ಒಂದು ಚಮಚೆಗೂ ಕಡಮೆ.

ಇವುಗಳಲ್ಲಿ ಕ್ಷ-ಕಿರಣಕ್ಕೆ ಸ್ಪಷ್ಟವಾಗಿ ಕಾಣುವುದು ಮೂಳೆ ಮಾತ್ರ. ಸಿಂಬಿ, ಹಗ್ಗ, ಹೊದಿಕೆ, ಪೊರೆ ಇವು ಯಾವುವೂ ಅದರ ಕಣ್ಣಿಗೆ ಬೀಳವು. ಕಾಣದ ವಸ್ತುವಿಗೆ ಬೆಲೆ ಕಟ್ಟುವುದು ಕಷ್ಟ. 1897ರಲ್ಲಿ ಬ್ಲಂಡ್-ಸಟನ್ ಎಂಬ ಇಂಗ್ಲೆಂಡಿನ ಶಸ್ತ್ರವೈದ್ಯ ಈ ಬಿಲ್ಲೆಗಳು ಯಾವುದೋ ಕಾಲದ ಸ್ನಾಯುವಿನ ನಿರುಪಯುಕ್ತ ಅವಶೇಷಗಳೆಂದು ಬರೆದ. 1948ರಲ್ಲಿ ಫೇರ್‌ಬ್ಯಾಂಕ್ ಎಂಬಾತ, ಬಿಲ್ಲೆ ತೆಗೆದ ಮಂಡಿಗಳಲ್ಲಿ ಕಾಲಕ್ರಮದಲ್ಲಿ ಮೂಳೆಯ ನಡುವಣ ತೆರಪು ಕಿರಿದಾಗುತ್ತ ಬರುವುದನ್ನು ಕ್ಷ-ಕಿರಣ ಚಿತ್ರಗಳಲ್ಲಿ ತೋರಿಸಿದ. ಆದರೂ ಹಳೆಯ ಪದ್ಧತಿ ಕೈಯಿಂದ ಇಳಿಯಲು ಇನ್ನೂ ಮೂವತ್ತು ವರ್ಷ ಹಿಡಿಯಿತು. ನಮ್ಮ ಕಬಡ್ಡಿ ಹುಡುಗ ಆ ಮೂವತ್ತು ವರ್ಷಗಳ ಕೊನೆಗೆ ಬಂದವನು.

ಈಗ ಕೊಠಡಿಯ ಪರೀಕ್ಷೆಗಳಿಗೆ ಬರೋಣ. ಎಲ್ಲಕ್ಕೂ ಮೊದಲನೆಯದು ಕೈ. ರೋಗಿಯನ್ನು ಮಲಗಿಸಿ, ಮಂಡಿಯನ್ನು 20–30 ಡಿಗ್ರಿಗಳಷ್ಟು ಮಡಿಸಿ, ಒಂದು ಕೈಯಿಂದ ತೊಡೆಯನ್ನು ಹಿಡಿದು ಇನ್ನೊಂದರಿಂದ ಕಣಕಾಲನ್ನು ಮುಂದಕ್ಕೆ ಎಳೆದರೆ, ಮುಂದಿನ ಅಡ್ಡರಜ್ಜು ಹರಿದಿದ್ದಲ್ಲಿ ಮೂಳೆ ಜಾರುತ್ತದೆ. ಫಿಲಡೆಲ್ಫಿಯಾದ ಲಾಕ್‌ಮನ್ ಎಂಬ ವೈದ್ಯನ ಹೆಸರಿನಲ್ಲಿ 1976ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಡ. ಆದರೆ ಪೆಟ್ಟು ಬಿದ್ದ ದಿನ ಮಂಡಿ ಊದಿ ಬಿಗಿದಿರುತ್ತದೆ. ನೋವಿಗೆ ಸ್ನಾಯುಗಳು ಕಾವಲುಗಾರರಂತೆ ಸೆಟೆದು ನಿಲ್ಲುತ್ತವೆ. ಕೈಗೆ ಸತ್ಯ ಸಿಕ್ಕುವುದಿಲ್ಲ.

ಆಗ ಮೊದಲನೆಯ ಸೂಜಿ ನೆರವಿಗೆ ಬರುತ್ತದೆ. ಇದು ಬರಿಯ ಟೊಳ್ಳುಸೂಜಿ, ಎಲ್ಲ ಆಸ್ಪತ್ರೆಗಳಲ್ಲಿಯೂ ಇರುವಂಥದು. ಚರ್ಮವನ್ನು ಚೆನ್ನಾಗಿ ಶುದ್ಧಿಗೊಳಿಸಿ, ಸ್ಥಳೀಯ ಅರಿವಳಿಕೆಯ ಮದ್ದನ್ನು ಚುಚ್ಚಿ, ಮಂಡಿಚಿಪ್ಪಿನ ಮೇಲಂಚಿನ ಹೊರಬದಿಯಿಂದ ಅದರ ಅಡಿಗೆ ಸೂಜಿಯನ್ನು ತೂರಿಸುತ್ತಾರೆ. ಪಿಚಕಾರಿಯೊಳಕ್ಕೆ ದ್ರವ ಏರಿ ಬರುತ್ತದೆ. ಆ ದ್ರವ ಮಾತನಾಡುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಅದು ತಿಳಿಹಳದಿಯಾಗಿದ್ದರೆ ಪೊರೆ ಕೆರಳಿದೆಯೆಂದು ಅರ್ಥ. ಕೆಂಪು ರಕ್ತವಾಗಿದ್ದರೆ ಒಳಗೆ ರಕ್ತನಾಳವುಳ್ಳ ಯಾವುದೋ ಭಾಗ ಹರಿದಿದೆ. ಬಹಳ ಮಟ್ಟಿಗೆ ಅದು ಮುಂದಿನ ಅಡ್ಡರಜ್ಜುವೇ ಆಗಿರುತ್ತದೆ. ತೆಗೆದ ರಕ್ತವನ್ನು ಒಂದು ಬಟ್ಟಲಲ್ಲಿ ತುಸು ಹೊತ್ತು ಬಿಟ್ಟು ನೋಡಿದರೆ ಕೆಲವು ಬಾರಿ ಅದರ ಮೇಲೆ ಎಣ್ಣೆಯ ಕಣ್ಣುಗಳು ತೇಲುತ್ತವೆ, ಸಾರಿನ ಮೇಲೆ ಒಗ್ಗರಣೆ ತೇಲಿದಂತೆ. ಅದು ಮಜ್ಜೆಯ ಕೊಬ್ಬು. ಮೂಳೆ ಎಲ್ಲಿಯೋ ಬಿರುಕುಬಿಟ್ಟಿದ್ದರೆ ಹೊರತು ಮಜ್ಜೆ ಕೀಲಿನೊಳಕ್ಕೆ ಬರಲಾರದು. ಕ್ಷ-ಕಿರಣ ಚಿತ್ರ ಕಾಣದೆ ಬಿಟ್ಟ ಬಿರುಕನ್ನು ಈ ನಾಲ್ಕು ಹನಿ ಕೊಬ್ಬು ಹಿಡಿದುಕೊಟ್ಟದ್ದನ್ನು ನಾನು ನನ್ನ ವೃತ್ತಿಯಲ್ಲಿ ಒಂದೆರಡು ಬಾರಿಯಲ್ಲ, ಅನೇಕ ಬಾರಿ ಕಂಡಿದ್ದೇನೆ.

ಇನ್ನು ಕೆಲವು ವೇಳೆ ಪೆಟ್ಟೆಂದು ಬಂದದ್ದು ಪೆಟ್ಟೇ ಆಗಿರುವುದಿಲ್ಲ. ‘ಮೆಟ್ಟಿಲಲ್ಲಿ ಕಾಲು ತಿರುಚಿತು’ ಎಂದು ಬಂದ ಹಿರಿಯರೊಬ್ಬರ ಮಂಡಿಯಿಂದ ಮಸುಕಾದ ದ್ರವ ಬರುತ್ತದೆ. ಅದರ ಒಂದು ಹನಿಯನ್ನು ಧ್ರುವೀಕರಿಸಿದ ಬೆಳಕಿನ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಚೂಪಾದ ಹರಳುಗಳು ಹೊಳೆಯುತ್ತವೆ. ಯೂರಿಕ್ ಆಮ್ಲದ ಹರಳುಗಳು. ಅದು ಗೌಟ್ ಎಂಬ ವಾತರೋಗ. ಈ ಉಪಾಯವನ್ನು 1961ರಲ್ಲಿ ತೋರಿಸಿಕೊಟ್ಟವರು ಮೆಕಾರ್ಟಿ ಮತ್ತು ಹಾಲೆಂಡರ್ ಎಂಬ ಅಮೆರಿಕದ ವೈದ್ಯರು. ಆರೋಗ್ಯವಾದ ದ್ರವದ ಒಂದು ಘನ ಮಿಲಿಮೀಟರಿನಲ್ಲಿ ಬಿಳಿಯ ರಕ್ತಕಣಗಳು 200ಕ್ಕಿಂತ ಕಡಮೆ. ಅವು 50,000ವನ್ನು ಮೀರಿದ್ದರೆ ಒಳಗೆ ಕೀವಾಗಿದೆಯೆಂದೇ ಭಾವಿಸಿ ಅಂದೇ ಚಿಕಿತ್ಸೆಗೆ ತೊಡಗಬೇಕು, ತಡಮಾಡಿದರೆ ಕೀಲು ಉಳಿಯದು. ಇಷ್ಟೆಲ್ಲ ತಿಳಿವಳಿಕೆಗೆ ಬೇಕಾದದ್ದು ಒಂದು ಸೂಜಿ, ಐದು ನಿಮಿಷ, ಶುದ್ಧವಾದ ಕೈ.

ಆದರೆ ದ್ರವವೇನಿದ್ದರೂ ಸುದ್ದಿ ಹೇಳುವ ದೂತ. ಮನೆಯೊಳಗೆ ಜಗಳವಾಗಿದೆ ಎಂದು ಅದು ತಿಳಿಸಬಲ್ಲದು. ಯಾವ ಕೋಣೆಯಲ್ಲಿ, ಯಾರು ಯಾರಿಗೆ ಎಂದು ತಿಳಿಸಲಾರದು. ಅದಕ್ಕೆ ಕಣ್ಣೇ ಒಳಗೆ ಹೋಗಬೇಕು.

ಕಣ್ಣು ಒಳಗೆ ಹೋದ ಕಥೆ ಸ್ವಾರಸ್ಯವಾದದ್ದು. 1912ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಡೆನ್ಮಾರ್ಕಿನ ನಾರ್ಡೆಂಟಾಫ್ಟ್ ಎಂಬ ವೈದ್ಯ ಮಂಡಿಯೊಳಗನ್ನು ಕೊಳವೆಯಿಂದ ನೋಡುವ ವಿಚಾರವನ್ನು ಮಂಡಿಸಿದ; ಕೇಳಿದವರು ಮರೆತರು. 1918ರಲ್ಲಿ ಟೋಕಿಯೊ ವಿಶ್ವವಿದ್ಯಾನಿಲಯದ ಕೆಂಜಿ ಟಕಾಗಿ, ಮೂತ್ರಕೋಶವನ್ನು ನೋಡಲು ಬಳಸುತ್ತಿದ್ದ ಕೊಳವೆಯನ್ನು ಶವವೊಂದರ ಮಂಡಿಯೊಳಗೆ ತೂರಿಸಿ ನೋಡಿದರು. ಅವರ ಮನಸ್ಸಿನಲ್ಲಿದ್ದದ್ದು ಆಟಗಾರರ ಪೆಟ್ಟಲ್ಲ, ಮಂಡಿಯ ಕ್ಷಯ. ಆ ರೋಗ ತಡವಾಗಿ ತಿಳಿದರೆ ಮಂಡಿ ಮಡಿಸದಂತೆ ಸೆಟೆದುಹೋಗುತ್ತಿತ್ತು. ಊಟ, ಉಪಚಾರ, ನಮಸ್ಕಾರ ಎಲ್ಲವೂ ನೆಲದ ಮೇಲೆ ಮಂಡಿಯೂರಿಯೇ ನಡೆಯುವ ಜಪಾನಿನಲ್ಲಿ ಮಂಡಿ ಮಡಿಸಲಾರದವನು ಸಮಾಜದಿಂದಲೇ ಹೊರಗಾದಂತೆ. ಚಕ್ಕಳಮಕ್ಕಳ ಹಾಕಿ ಪಂಕ್ತಿಯಲ್ಲಿ ಕುಳಿತು ಉಂಡು ಬೆಳೆದ ನಮಗೆ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಟಕಾಗಿಯವರ ಕೊಳವೆ ಮೊದಲಿಗೆ 7.3 ಮಿಲಿಮೀಟರ್ ದಪ್ಪವಿತ್ತು. 1931ರ ವೇಳೆಗೆ ಅದನ್ನು 3.5 ಮಿಲಿಮೀಟರಿಗೆ ಇಳಿಸಿದರು. ಇದೇ ಆರ್ತ್ರೋಸ್ಕೋಪ್, ಕೀಲುದರ್ಶಕ ಎನ್ನೋಣ.

ಅವರ ಶಿಷ್ಯ ಮಸಾಕಿ ವಾಟನಬೆ ಯುದ್ಧದಲ್ಲಿ ಸೋತ ದೇಶದ ಬಡತನದ ನಡುವೆಯೇ ಗುರುವಿನ ಕೆಲಸವನ್ನು ಮುಂದುವರಿಸಿದರು. 1957ರಲ್ಲಿ ಕೀಲಿನ ಒಳನೋಟಗಳ ಚಿತ್ರಸಂಪುಟವನ್ನು ಹೊರತಂದರು. ಅವರ 21ನೆಯ ನಮೂನೆಯ ಕೀಲುದರ್ಶಕದ ತುದಿಯಲ್ಲಿ ಒಂದು ಪುಟ್ಟ ವಿದ್ಯುದ್ದೀಪವಿತ್ತು. ಅದು ಕೆಲವೊಮ್ಮೆ ಮಂಡಿಯೊಳಗೇ ಒಡೆದುಹೋಗುತ್ತಿತ್ತಂತೆ! 1962ರಲ್ಲಿ 17 ವರ್ಷದ ಬಾಸ್ಕೆಟ್‌ಬಾಲ್ ಆಟಗಾರನೊಬ್ಬನ ಹರಿದ ಬಿಲ್ಲೆಯನ್ನು, ಕೀಲನ್ನು ತೆರೆಯದೆ, ದರ್ಶಕದಿಂದ ನೋಡುತ್ತ, ಹರಿದಷ್ಟು ಚೂರನ್ನು ಮಾತ್ರ ತೆಗೆದರು. 1964ರಲ್ಲಿ ಟೊರಾಂಟೊದ ರಾಬರ್ಟ್ ಜಾಕ್ಸನ್ ಎಂಬ ವೈದ್ಯ ಟೋಕಿಯೊದಲ್ಲಿ ವಾಟನಬೆಯವರ ಬಳಿ ಕಲಿತು ಈ ವಿದ್ಯೆಯನ್ನು ಪಶ್ಚಿಮಕ್ಕೆ ಒಯ್ದರು. ಇಲ್ಲಿ ನಾನು ಒಂದು ಕ್ಷಣ ನಿಲ್ಲಬೇಕಾಗುತ್ತದೆ. ನಮ್ಮ ಹುಡುಗನ ಬಿಲ್ಲೆಯನ್ನು ನಾವು ಪೂರ್ತಿಯಾಗಿ ಕಿತ್ತದ್ದು ಇದಾದ ಹದಿನಾಲ್ಕು ವರ್ಷಗಳ ಮೇಲೆ. ವಿದ್ಯೆ ಲೋಕದಲ್ಲಿತ್ತು, ನಮ್ಮ ಕೋಣೆಗೆ ಬಂದಿರಲಿಲ್ಲ.

ಒಡೆಯುವ ದೀಪದ ಸಮಸ್ಯೆಯನ್ನು ಬಗೆಹರಿಸಿದ್ದು ಗಾಜಿನ ನೂಲು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್‌ಕಿನ್ಸ್‌ರೊಡನೆ ಕೆಲಸಮಾಡಿ, ಗಾಜಿನ ನೂಲುಗಳ ಕಟ್ಟಿನ ಮೂಲಕ ಬಿಂಬವನ್ನು ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ದೀಪ ಹೊರಗೇ ಉಳಿಯಿತು. ತಣ್ಣನೆಯ ಬೆಳಕು ಮಾತ್ರ ನೂಲಿನಲ್ಲಿ ಹರಿದು ಒಳಗೆ ಹೋಯಿತು. ವಾಟನಬೆಯವರು 1.7 ಮಿಲಿಮೀಟರಿನ, ಸೂಜಿಯಷ್ಟೇ ದಪ್ಪದ ದರ್ಶಕವನ್ನೂ ಮಾಡಿಸಿದರು. ಸ್ಥಳೀಯ ಅರಿವಳಿಕೆಯಲ್ಲಿ, ಸಲಹಾ ಕೊಠಡಿಯಲ್ಲೇ ನೋಡುವ ಆಸೆ ಆಗಲೇ ಚಿಗುರಿತ್ತು. ಆದರೆ ನೂಲು ಸಣ್ಣದಾದಷ್ಟೂ ಬಿಂಬ ಮಬ್ಬಾಗುತ್ತಿತ್ತು. ಅಷ್ಟರಲ್ಲಿ, 1980ರ ದಶಕದಲ್ಲಿ, ಅಯಸ್ಕಾಂತದ ಬಲದಿಂದ ಮೃದುಭಾಗಗಳ ಚಿತ್ರವನ್ನು ತೆಗೆಯುವ ಎಂ.ಆರ್.ಐ. ಯಂತ್ರ ಬಂತು, ಚುಚ್ಚುವ ಗೋಜೇ ಇಲ್ಲವೆಂದಾಗ ಸೂಜಿಯ ದರ್ಶಕ ಮೂಲೆಗೆ ಸರಿಯಿತು. ಅದು ಮತ್ತೆ ಎದ್ದದ್ದು 2010ರ ದಶಕದಲ್ಲಿ. ಕೈಯ ದೂರವಾಣಿಯಲ್ಲಿ ಇರುವಂಥ ಕ್ಯಾಮರಾ ಕಣ್ಣು ಅಕ್ಕಿಕಾಳಿನಷ್ಟೂ ಇಲ್ಲದಂತೆ ಕುಗ್ಗಿ ಸೂಜಿಯ ತುದಿಗೇ ಬಂದು ಕುಳಿತಿತು. ಬಿಂಬವನ್ನು ಹೊರಗೆ ತರಲು ಗಾಜಿನ ನೂಲೂ ಬೇಡವಾಯಿತು. ಇಂದು ಬಳಕೆಯಲ್ಲಿರುವ ಇಂಥ ಸೂಜಿಗಳ ದಪ್ಪ 2 ಮಿಲಿಮೀಟರಿನ ಆಸುಪಾಸು. ಶಸ್ತ್ರಕ್ರಿಯೆಯ ಕೋಣೆಯ ಸಾಮಾನ್ಯ ದರ್ಶಕ 4 ಮಿಲಿಮೀಟರ್.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಕೊಠಡಿಯಲ್ಲಿ ಇದನ್ನು ಕಣ್ಣಾರೆ ನೋಡುವ ಅವಕಾಶ ನನಗೆ ಒದಗಿತು. ರೋಗಿ ಅರವತ್ತರ ಹತ್ತಿರದ ಮಹಿಳೆ. ಎದೆಯಲ್ಲಿ ಹಳೆಯ ನಮೂನೆಯ ಹೃದಯಪ್ರೇರಕ ಯಂತ್ರವಿದ್ದುದರಿಂದ ಆಕೆಯನ್ನು ಅಯಸ್ಕಾಂತದ ಯಂತ್ರದೊಳಗೆ ಮಲಗಿಸುವಂತಿರಲಿಲ್ಲ. ಮೇಜಿನ ಮೇಲೆ ಕಾಲು ಇಳಿಬಿಟ್ಟು ಕುಳಿತರು. ಅರಿವಳಿಕೆ, ಸಣ್ಣದೊಂದು ಚುಚ್ಚು, ಪಿಚಕಾರಿಯಿಂದ ಒಂದಿಷ್ಟು ಉಪ್ಪುನೀರು. ಎದುರಿನ ಪರದೆ ಬೆಳಗಿತು. ಹಿಮ ಬಿದ್ದ ಬಯಲಿನಂತೆ ಮೃದ್ವಸ್ಥಿ. ಅದರ ಅಂಚಿಗೆ ಬೆಳ್ಳಗೆ ಬಾಗಿದ ಅರ್ಧಚಂದ್ರ. ಅದರಲ್ಲಿ ನೀರಿಗೆ ಅಲುಗುತ್ತಿರುವ ಒಂದು ಹರಿದ ನಾಲಗೆ. ‘ಮಂಡಿ ಮಡಿಸಿ’ ಎಂದ ನನ್ನ ಶಿಷ್ಯ. ಆಕೆ ಮಡಿಸಿದರು, ಆ ನಾಲಗೆ ಎರಡು ಮೂಳೆಗಳ ನಡುವೆ ಸಿಕ್ಕಿಕೊಳ್ಳುವುದನ್ನು ಆಕೆಯೂ ಕಂಡರು, ನಾವೂ ಕಂಡೆವು. ‘ಓಹೋ, ಇದೇಯೋ ಅದು!’ ಎಂದರು ಆಕೆ. ನೋವು ಸುಳ್ಳಲ್ಲವೆಂದು ಸಾಕ್ಷಿ ಸಿಕ್ಕಿದವರ ದನಿ ಅದು. ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯಿತು. ಹೊಲಿಗೆಯಿಲ್ಲ, ತೂತಿನ ಮೇಲೆ ಅಂಟುಪಟ್ಟಿ. ನಡೆದುಕೊಂಡೇ ಹೋದರು.

ಹಾಗಾದರೆ ಎಂ.ಆರ್.ಐ. ಬೇಡವೇ? ಬೇಕು. 2003ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕವೊಂದರ ಪ್ರಕಾರ ಅದು ಒಳಬದಿಯ ಬಿಲ್ಲೆಯ ನೂರು ಹರಿತಗಳಲ್ಲಿ ಸುಮಾರು 93ನ್ನು ಹಿಡಿಯುತ್ತದೆ, ಹೊರಬದಿಯದರಲ್ಲಿ 79ನ್ನು. ಚುಚ್ಚದೆ ಸಿಕ್ಕುವ ಈ ತಿಳಿವಳಿಕೆ ಸಣ್ಣದಲ್ಲ. ಮೂಳೆಯ ಒಳಗಿನ ಜಜ್ಜುಗಾಯವನ್ನು ಅದು ಕಾಣಬಲ್ಲದು. ಸೂಜಿಯ ಕಣ್ಣು ಮೇಲ್ಮೈಯನ್ನಷ್ಟೇ ಕಾಣುತ್ತದೆ, ಕೀಲಿನ ಹಿಂಬದಿಯ ಮೂಲೆಗಳು ಅದಕ್ಕೂ ದುರ್ಗಮ. ರಕ್ತ ತುಂಬಿದ್ದರೆ ಕೆಸರುನೀರಿನಲ್ಲಿ ಮೀನು ಹುಡುಕಿದಂತೆ. ಚುಚ್ಚುವುದರಲ್ಲಿ ಅಪಾಯವೂ ಇಲ್ಲದಿಲ್ಲ: ಕೀಲಿಗೆ ಸೋಂಕು ತಗಲುವುದು ಬಹಳ ಅಪರೂಪ, ಆದರೆ ತಗಲಿದರೆ ಘೋರ. ಚುಚ್ಚುವ ಜಾಗದ ಚರ್ಮದಲ್ಲಿ ಹುಣ್ಣಿದ್ದರೆ ಚುಚ್ಚಬಾರದು. ರಕ್ತ ಹೆಪ್ಪುಗಟ್ಟದಂತೆ ಮದ್ದು ತೆಗೆದುಕೊಳ್ಳುವವರು ಮುಂಚೆಯೇ ತಿಳಿಸಬೇಕು. ಆದ್ದರಿಂದ ಮೊದಲು ಕಿವಿ, ಆಮೇಲೆ ಕೈ, ಆಮೇಲೆ ಚಿತ್ರ. ಇವು ಮೂರೂ ಒಂದೇ ಮಾತು ಹೇಳದಿದ್ದಾಗ, ಅಥವಾ ಚಿತ್ರ ತೆಗೆಯುವಂತಿಲ್ಲದಾಗ, ಸೂಜಿಯ ಕಣ್ಣು.

ಇನ್ನೊಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಮಾತು ಅರ್ಧಸತ್ಯವಾದೀತು. ಕಂಡದ್ದೆಲ್ಲ ಕಾರಣವಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಗಳನ್ನು ಎಂ.ಆರ್.ಐ.ಯಲ್ಲಿ ನೋಡಿ 2008ರಲ್ಲಿ ವರದಿ ಮಾಡಿದರು. ಬಿಲ್ಲೆ ಹರಿದಿದ್ದವರಲ್ಲಿ ನೂರಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ! ತಲೆ ನರೆತಂತೆ ಬಿಲ್ಲೆಯೂ ಸವೆದು ಹರಿಯುತ್ತದೆ. ನರೆತ ಕೂದಲಿಗೆ ಯಾರೂ ಕತ್ತಿ ಹಿಡಿಯುವುದಿಲ್ಲವಷ್ಟೆ. 2002ರಲ್ಲಿ ಹ್ಯೂಸ್ಟನ್ನಿನ ವೈದ್ಯರು ಇನ್ನೂ ದಿಟ್ಟವಾದ ಪರೀಕ್ಷೆಯನ್ನು ಪ್ರಕಟಿಸಿದ್ದರು. ಸಂಧಿವಾತದಿಂದ ಮಂಡಿ ಸವೆದ 180 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ದರ್ಶಕದ ಮೂಲಕ ಕೀಲನ್ನು ಕೆರೆದು ಶುಚಿಮಾಡಿದರು, ಇನ್ನೊಂದಕ್ಕೆ ತೊಳೆದರು, ಮೂರನೆಯದಕ್ಕೆ ಚರ್ಮವನ್ನಷ್ಟೇ ಕೊಯ್ದು ಶಸ್ತ್ರಕ್ರಿಯೆಯ ನಟನೆ ಮಾಡಿದರು. ಎರಡು ವರ್ಷ ಕಾದು ನೋಡಿದಾಗ ಮೂರು ಗುಂಪಿನವರ ನೋವೂ ಒಂದೇ ಸಮ. ಕಣ್ಣಿಗೆ ದಾರಿ ಸುಲಭವಾದಾಗ ಕೈಗೆ ಆತುರ ಬರುತ್ತದೆ. ಸೂಜಿಯ ತೂತು ಚಿಕ್ಕದೆಂಬ ಕಾರಣಕ್ಕೆ ನೋಡಬಾರದು. ಕೇಳಬೇಕಾದ ಪ್ರಶ್ನೆಯೊಂದು ಇದೆಯೆಂಬ ಕಾರಣಕ್ಕೆ ನೋಡಬೇಕು.

ಕ್ಯಾಮರಾ ಇರುವ ಸೂಜಿ ನಮ್ಮ ಊರುಗಳಲ್ಲಿ ಎಲ್ಲೆಡೆ ಸಿಕ್ಕುವ ವಸ್ತುವಲ್ಲ. ಅದು ಇಲ್ಲವೆಂದು ಯಾರೂ ಕೊರಗಬೇಕಾಗಿಲ್ಲ. ಮಂಡಿಗೆ ಪೆಟ್ಟು ಬಿದ್ದಾಗ ಊತ ಎಷ್ಟು ಹೊತ್ತಿಗೆ ಬಂತೆಂಬುದನ್ನು ನೆನಪಿಟ್ಟುಕೊಳ್ಳಿ. ಒಂದೆರಡು ಗಂಟೆಯೊಳಗೆ ಊದಿದರೆ ಅದು ರಕ್ತವಿರಬಹುದು; ಮರುದಿನ ಊದಿದರೆ ಬಹುಮಟ್ಟಿಗೆ ದ್ರವ. ‘ಲಟಕ್’ ಎಂಬ ಸದ್ದು ಕೇಳಿಸಿತೆ, ಕಾಲು ಸಿಕ್ಕಿಕೊಳ್ಳುತ್ತದೆಯೆ, ಇಲ್ಲವೆ ಕುಸಿಯುತ್ತದೆಯೆ, ಇದನ್ನೆಲ್ಲ ವೈದ್ಯನಿಗೆ ಹೇಳಿ. ಊತದ ಜೊತೆಗೆ ಜ್ವರವಿದ್ದರೆ ನಾಳೆಗೆಂದು ತಳ್ಳಬೇಡಿ. ಈ ಮಾಹಿತಿಗೆ ತೂತೇ ಬೇಡ.

ಆ ಕಬಡ್ಡಿ ಆಟಗಾರ 1999ರಲ್ಲಿ ನನ್ನನ್ನು ಹುಡುಕಿಕೊಂಡು ಬಂದ. ವಯಸ್ಸು 42. ಕಾಲು ಬಿಲ್ಲಿನಂತೆ ಬಾಗಿತ್ತು. ಕ್ಷ-ಕಿರಣ ಚಿತ್ರದಲ್ಲಿ ಒಳಬದಿಯ ಮೂಳೆ ಮೂಳೆಗೆ ತಾಗಿತ್ತು, ಸಿಂಬಿಯಿಲ್ಲದ ಕೊಡ ನೆಲಕ್ಕೆ ತಾಗಿದ ಹಾಗೆ. ಬಿಲ್ಲೆಯಲ್ಲಿ ಹರಿದದ್ದು ಎಷ್ಟೆಂದು ನಾನು ಮುಚ್ಚಿಡಲಿಲ್ಲ. ಬೆರಳ ತುದಿಯನ್ನು ತೋರಿಸಿದೆ. ಅವನು ಸಿಟ್ಟಾಗಲಿಲ್ಲ. ‘ಹಾಗಾದರೆ ಅಷ್ಟನ್ನೇ ತೆಗೆಯಬಹುದಾಗಿತ್ತಲ್ಲ ಸ್ವಾಮಿ?’ ಎಂದು ಕೇಳಿದ, ಅಷ್ಟೆ. ‘ಆಗಿತ್ತು’ ಎಂದೆ. ಇನ್ನೇನು ಹೇಳಲಿ? ಅವನ ಮಗಳೂ ಆಟಗಾರ್ತಿ ಎಂದು ಹೊರಡುವಾಗ ಹೇಳಿದ. ಅವಳ ಮಂಡಿಗೆ ಏನಾದರೂ ಆದರೆ ಮೊದಲು ನನಗೆ ತೋರಿಸು ಎಂದೆ. ‘ತೋರಿಸುತ್ತೇನೆ, ನೋಡಿ, ಕೊಯ್ಯಬೇಡಿ’ ಎಂದು ನಕ್ಕು ಹೋದ.